ಒದ್ದೆ ಗಾಳಿಯ ಊರಲ್ಲಿ ಬೀಬಿಜಾನ್ ಒಣಗಿಸಿದ ಅಕ್ಕಿ

ಬೆಳಗಿನ ಐದೂವರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹೊಗೆ ಹೆಂಚಿನ ಮಟ್ಟಕ್ಕೆ ಇಳಿದು ನಿಂತಿದೆ. ಬಗ್ಗಿ ನಡೆದರೆ ಮಾತ್ರ ಉಸಿರು ಸಿಗುತ್ತದೆ. ಒಳಗೆ ಒಲೆಯ ಬಾಯಿಗೆ ಭರಮಣ್ಣ ಭತ್ತದ ಹೊಟ್ಟು ನೂಕುತ್ತಿದ್ದಾರೆ. ಬಾಣಲೆಯ ಉಸುಕು ಕೆಂಪಗೆ ಕಾದಿದೆ. ಅದರೆದುರು ಗೌಸ್ ಪೀರ್ ಸೊಂಟಕ್ಕೆ ಟವೆಲ್ ಬಿಗಿದು, ಉದ್ದ ಹಿಡಿಕೆಯ ಸೌಟು ಹಿಡಿದು ನಿಂತಿದ್ದಾರೆ. ಗೋಡೆ ಪಕ್ಕದ ಬೆಚ್ಚನೆ ನೆಲದ ಮೇಲೆ ನಾಲ್ಕು ಚೀಲ ಅಕ್ಕಿ ತೆಳುವಾಗಿ ಹರಡಿದೆ. ಅದರ ಅಂಚಿನಲ್ಲಿ ಅವರ ಹೆಂಡತಿ ಬೀಬಿಜಾನ್ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈಯಿಂದ ಅಕ್ಕಿ ಬಾಚುತ್ತಿದ್ದಾರೆ.

"ಬೇಗ ಬೀಬಿ, ಉಸುಕು ಸುಟ್ಟು ಬೂದಿ ಆದಮ್ಯಾಲೆ ಕೊಡ್ತೀಯೇನು?" ಎನ್ನುತ್ತಾರೆ ಗೌಸ್ ಪೀರ್.

"ಉಸುಕು ಬೂದಿ ಆಗಿದ್ದು ಯಾವ ಊರಾಗೆ ನೋಡೀರಿ?" ಎಂದು ತಲೆ ಎತ್ತದೆ ಉತ್ತರ ಕೊಟ್ಟು ಮೊದಲ ಬುಟ್ಟಿ ಮುಂದೆ ದೂಡುತ್ತಾರೆ ಬೀಬಿಜಾನ್. ಭರಮಣ್ಣ ನಗುತ್ತಾರೆ. ಅಕ್ಕಿ ಬಾಣಲೆಗೆ ಬೀಳುತ್ತದೆ.

ಮುಂದಿನದು ಹತ್ತು ಸೆಕೆಂಡಿನ ಕೆಲಸ. ಕಾಳಿನೊಳಗೆ ಉಳಿದ ತುಸು ನೀರು ಒಮ್ಮೆಲೇ ಆವಿಯಾಗಿ ಹೊರಗೆ ನುಗ್ಗಲು ನೋಡುತ್ತದೆ, ಆ ರಭಸಕ್ಕೆ ಕಾಳು ಅರಳುತ್ತದೆ. ನೂರು ಪಾಲು ಅಕ್ಕಿಯಲ್ಲಿ ಹತ್ತೋ ಹನ್ನೊಂದೋ ಪಾಲು ನೀರಿರಬೇಕು. ಹೆಚ್ಚಿದ್ದರೆ ಕಾಳಿನ ಮೈ ಮೆತ್ತಗಾಗಿ ಆವಿ ಸೋರಿಹೋಗುತ್ತದೆ, ಕಡಿಮೆಯಿದ್ದರೆ ಸಿಡಿಯಲು ಆವಿಯೇ ಇರುವುದಿಲ್ಲ. ಎರಡರಲ್ಲಿ ಯಾವುದಾದರೂ ಬಾಣಲೆಯಲ್ಲಿ ಉಳಿಯುವುದು ಹಲ್ಲು ಮುರಿಯುವ ಕಂದು ಕಾಳು. ಊರೆಲ್ಲ ಹೊಗಳುವುದು ಹುರಿಯುವವನ ಕೈಯನ್ನು. ಆದರೆ ಅಕ್ಕಿಗೆ ಉಪ್ಪುನೀರು ಕುಡಿಸಿ, ಮತ್ತೆ ಅಷ್ಟೇ ಹದಕ್ಕೆ ಒಣಗಿಸುವ ಕೈ ತಪ್ಪಿದರೆ ಹುರಿಯುವವ ಏನೂ ಮಾಡಲಾರ. ಇಪ್ಪತ್ತೆರಡು ವರ್ಷಗಳಿಂದ ಈ ಭಟ್ಟಿಯಲ್ಲಿ ಆ ಕೈ ಬೀಬಿಜಾನ್ ಅವರದು.

ಇಲ್ಲಿ ಗೋಡೆ ಗಡಿಯಾರವಿಲ್ಲ. ಓಣಿಯ ಕೊನೆಯ ಮಸೀದಿಯ ಆಜಾನೇ ಗಡಿಯಾರ. ಇಳಿಹೊತ್ತಿನ ಅಸರ್ ಆಜಾನ್‌ಗೆ ಅಕ್ಕಿಗೆ ಉಪ್ಪುನೀರು, ಮುಸ್ಸಂಜೆಯ ಮಗ್ರಿಬ್‌ಗೆ ಒಮ್ಮೆ ಮಗುಚುವುದು, ನಸುಕಿನ ಫಜರ್‌ಗೆ ಬಾಣಲೆಗೆ. ಈ ಲೆಕ್ಕ ಯಾರು ಕಟ್ಟಿದರೋ ಯಾರಿಗೂ ನೆನಪಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು ಬರುವ ಭರಮಣ್ಣ ಕೂಡ ಒಲೆಗೆ ಹೊಟ್ಟು ಹಾಕಲು ಶುರುಮಾಡುವುದು ಫಜರ್‌ಗೆ ಒಂದು ತಾಸು ಮೊದಲು. ಇಲ್ಲಿನ ಒಣ ಗಾಳಿಯಲ್ಲಿ ಆ ಲೆಕ್ಕ ಹುಸಿ ಹೋದದ್ದಿಲ್ಲ.

ಹೋದ ವರ್ಷ ಆಗಸ್ಟ್‌ನಲ್ಲಿ, ಇಲ್ಲಿಂದ ಸಾವಿರಾರು ಮೈಲಿ ದೂರದ ವಿಯೆಟ್ನಾಮಿನಲ್ಲಿ ಮಾತ್ರ ಅದು ಹುಸಿ ಹೋಯಿತು. ಬೀಬಿಜಾನ್, ಗೌಸ್ ಪೀರ್ ಮತ್ತು ಅವರ ಮಗಳು ಸಿಮ್ರಾನ್ ಹತ್ತು ವಾರ ಅಲ್ಲಿದ್ದರು. ಹೋದದ್ದು ಸಂಬಳಕ್ಕಲ್ಲ, ಸೇವೆಗೆ. ಈ ವಿಷಯ ಓಣಿಯ ಆಚೆಗೆ ಹೆಚ್ಚು ಮಂದಿಗೆ ಗೊತ್ತಿಲ್ಲ.

ಬೀಬಿಜಾನ್ ಹುಟ್ಟಿದ್ದು ಆನಗೋಡಿನಲ್ಲಿ, ಜಟಕಾ ಓಡಿಸುವವರ ಮನೆಯಲ್ಲಿ. ಹದಿನೇಳಕ್ಕೆ ಮದುವೆಯಾಗಿ ಭಟ್ಟಿಯ ಓಣಿಗೆ ಬಂದರು. ಅತ್ತೆ ಕೈಗೆ ಉಪ್ಪಿನ ಬೋಗುಣಿ ಕೊಟ್ಟರು. "ಮೊದಲನೇ ದಿನಾನೇ ಬೆರಳ ಸಂದಿ ಬಿರುಕು ಬಿಟ್ವು. ಅತ್ತೆ, 'ಉಪ್ಪು ಹಿಂಗೇ ಪರಿಚಯ ಆಗ್ತೈತೆ' ಅಂದ್ಲು. ಆವತ್ತಿಂದ ಇವತ್ತಿನ ತನ ಬಿರುಕು ಹೋಗಿಲ್ರಿ," ಎಂದು ಅಂಗೈ ತೋರಿಸುತ್ತಾರೆ. ದಿನಕ್ಕೆ ನಾಲ್ಕು ಚೀಲ ಅಕ್ಕಿ, ಅಂದರೆ ಮೂರು ಕ್ವಿಂಟಲ್. ಒಂದೊಂದು ಚೀಲವನ್ನೂ ಆರು ಸಲವಾದರೂ ಮೊಣಕೈವರೆಗೆ ಕೈ ಹಾಕಿ ಮಗುಚಬೇಕು. ಅಷ್ಟು ಅಕ್ಕಿ ಅರಳಿ ಸುಮಾರು ಮೂವತ್ತು ದೊಡ್ಡ ಚೀಲ ಮಂಡಕ್ಕಿಯಾಗಿ, ಸಂಜೆಯ ಹೊತ್ತಿಗೆ ಮೆಣಸಿನಕಾಯಿ ಬಜ್ಜಿಯ ಜೊತೆ ಊರಿನ ತಟ್ಟೆಗಳಿಗೆ ಹೋಗುತ್ತದೆ. ಹೊಗೆಯಿಂದ ಬಂದ ಕೆಮ್ಮು ಮಾತಿನ ನಡುವೆ ಆಗಾಗ ತಡೆಯುತ್ತದೆ. ಕೆಮ್ಮು ನಿಂತ ಮೇಲೆ ಅವರು ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ.

ವಿಯೆಟ್ನಾಮಿನ ಮಾತು ತಂದವರು ನಿಜಲಿಂಗಪ್ಪ ಬಡಾವಣೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಶಿವಮೂರ್ತಪ್ಪ. ಭತ್ತ ಬೆಳೆಯುವ ದೇಶಗಳ ಹಳ್ಳಿಗಳ ನಡುವೆ ಕಸುಬುದಾರ ಕುಟುಂಬಗಳನ್ನು ಕಳಿಸುವ ಒಂದು ಸ್ವಯಂಸೇವಾ ಸಂಸ್ಥೆಯ ಜೊತೆ ಅವರಿಗೆ ಒಡನಾಟವಿತ್ತು. ದಕ್ಷಿಣ ವಿಯೆಟ್ನಾಮಿನ ನದಿಬಯಲಿನಲ್ಲಿ ಒಂದು ಬೆಳೆ ಸರಿಯಾಗಿ ಮಳೆಯಲ್ಲೇ ಕೊಯ್ಲಿಗೆ ಬರುತ್ತದೆ. ಒಣಗಿಸಲು ಬಿಸಿಲಿಲ್ಲದೆ ಕಣದಲ್ಲೇ ಭತ್ತ ಮೊಳಕೆಯೊಡೆಯುತ್ತದೆ. ಮೊಳೆಯುವ ಮೊದಲೇ ಅದನ್ನು ಮಂಡಕ್ಕಿ ಮಾಡಿ ಮಾರಿದರೆ ತಿನ್ನುವ ಅಕ್ಕಿ ಕೊಳ್ಳಬಹುದು ಎಂಬುದು ಮೇಷ್ಟ್ರ ಆಲೋಚನೆ. ಅಲ್ಲಿ ಕಲಿಯುವವರು ಹೆಂಗಸರಾದ್ದರಿಂದ ಕುಟುಂಬ ಸಮೇತ ಬರಬೇಕೆಂಬುದು ಸಂಸ್ಥೆಯ ಷರತ್ತು.

"ಮೇಷ್ಟ್ರು ಬಂದು, 'ಬೀಬಿಜಾನ್, ಟಿಕೆಟ್ಟು, ಊಟ ಅವರದು, ಪಗಾರ ಇಲ್ಲ, ಬರ್ತೀಯೇನಮ್ಮ?' ಅಂದ್ರು. ನಾನು ಹರಿಹರ ದಾಟಿದ್ದೇ ಎರಡು ಸಲ. ಬ್ಯಾಡ ಅನ್ನೋಣ ಅಂತಾನೇ ಬಾಯಿ ತೆಗೆದೆ. ಆಮ್ಯಾಲೆ ಅವರು ಭತ್ತ ಮೊಳಕಿ ಒಡೆದು ನಾರ್ತೈತೆ ಅಂದ್ರು. ಅದನ್ನ ಕೇಳಿ ಬ್ಯಾಡ ಅನ್ನೋದು ಹೆಂಗೆ?"

ಪಾಸ್‌ಪೋರ್ಟ್‌ಗೆ ಐದು ತಿಂಗಳು ಹಿಡಿಯಿತು. ಪಿ.ಯು.ಸಿ. ಓದುತ್ತಿದ್ದ ಸಿಮ್ರಾನ್ ಕಾಲೇಜಿಗೆ ರಜೆ ಹಾಕಿದಳು. ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವಳು ಆ ಮನೆಯಲ್ಲಿ ಅವಳೊಬ್ಬಳೇ. ಗೌಸ್ ಪೀರ್ ಹರಿಹರಕ್ಕೆ ಹೋಗಿ ಹೊಳೆಯಿಂದ ಹನ್ನೆರಡು ಕಿಲೋ ಉಸುಕು ತಂದು, ಏಳು ಸಲ ತೊಳೆದು, ಒಣಗಿಸಿ ಪೆಟ್ಟಿಗೆಯಲ್ಲಿ ಕಟ್ಟಿದರು. ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿದ ಅಧಿಕಾರಿಗೆ ಮುಕ್ಕಾಲು ಗಂಟೆ ಅದು ಉಸುಕೇ ಎಂದು ನಂಬಿಸಬೇಕಾಯಿತು. "ಕಡೀಗೆ ಆತ, 'ಅಲ್ಲಿ ಉಸುಕಿಲ್ಲವಾ?' ಅಂದ. ನಮ್ಮ ಯಜಮಾನರು, 'ಐತೇಳ್ರಿ, ಹರಿಹರದ್ದಿಲ್ಲ' ಅಂದ್ರು," ಎಂದು ಬೀಬಿಜಾನ್ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ.

ಇವರಿಗೆ ಗೊತ್ತುಮಾಡಿದ ಹಳ್ಳಿ ನದಿದಂಡೆಯ ಚಾಮ್ ಮುಸ್ಲಿಮರದು. ವಿಯೆಟ್ನಾಮಿನಲ್ಲಿ ಶತಮಾನಗಳಿಂದ ನೆಲೆಸಿರುವ ಸಣ್ಣ ಸಮುದಾಯ. ನೆರೆ ಬಂದರೆ ನೀರು ಅಡಿಯಲ್ಲೇ ಹರಿದುಹೋಗುವಂತೆ ಕಂಬಗಳ ಮೇಲೆ ನಿಲ್ಲಿಸಿದ ಮರದ ಮನೆಗಳು, ಮನೆಯ ಅಡಿಯಲ್ಲಿ ದೋಣಿ, ಬಾತುಕೋಳಿ. ಎರಡೂ ಕಡೆಯವರ ನಡುವೆ ಭಾಷೆಯಿರಲಿಲ್ಲ, ಸಲಾಮಿತ್ತು. ವಾರಕ್ಕೆ ಮೂರು ದಿನ ಪೇಟೆಯಿಂದ ಒಬ್ಬ ದುಭಾಷಿ ಬರುತ್ತಿದ್ದ, ಉಳಿದ ದಿನ ಸಿಮ್ರಾನ್ ಕೈಸನ್ನೆಯಲ್ಲೇ ಕೆಲಸ ನಡೆಸುತ್ತಿದ್ದಳು. ಬಂದ ದಿನ ಇಳಿಹೊತ್ತಿಗೆ ಅಸರ್ ಆಜಾನ್ ಕೇಳಿದಾಗ ಬೀಬಿಜಾನ್‌ಗೆ ಕಣ್ಣು ತುಂಬಿತಂತೆ. "ಅದೇ ದನಿ ರೀ. ಕಣ್ಣು ಮುಚ್ಚಿದ್ರೆ ನಮ್ಮ ಓಣಿ. ಅಯ್ಯೋ, ಇನ್ನೇನು ಹೆದರಿಕಿ, ಎಲ್ಲಾ ಊರಿನ ಹಂಗೇ ಐತೆ ಅಂದ್ಕೊಂಡೆ."

ಎಡವಿದ್ದು ಅಲ್ಲೇ.

ಇಪ್ಪತ್ತೆರಡು ಮನೆಯ ಹೆಂಗಸರು ಒದ್ದೆ ಭತ್ತ ಹೊತ್ತು ತಂದಿದ್ದರು. ಅದನ್ನು ಬಿಸಿನೀರಲ್ಲಿ ನೆನೆಸಿ, ಬಿಸಿ ಉಸುಕಿನಲ್ಲಿ ಹುರಿದು ಒಣಗಿಸಿ, ಸಣ್ಣ ಗಿರಣಿಯಲ್ಲಿ ಅಕ್ಕಿ ಮಾಡಿಸುವವರೆಗೆ ಎಲ್ಲ ಸರಿಹೋಯಿತು. ಆಮೇಲೆ ಬೀಬಿಜಾನ್ ಅಸರ್‌ಗೆ ಒಂದು ಬುಟ್ಟಿಗೆ ಉಪ್ಪುನೀರು ಕೂಡಿಸಿದರು, ಮಗ್ರಿಬ್‌ಗೆ ಮಗುಚಿದರು, ಫಜರ್‌ಗೆ ಗಂಡನ ಕೈಗೆ ಕೊಟ್ಟರು. ಸುತ್ತ ಹೆಂಗಸರು, ಮುದುಕರು, ಮಕ್ಕಳು. ಅಕ್ಕಿ ಬಾಣಲೆಗೆ ಬಿತ್ತು. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ಒಂದು ಕಾಳೂ ಅರಳಲಿಲ್ಲ. ಕಂದು ಬಣ್ಣಕ್ಕೆ ತಿರುಗಿ ಹೊತ್ತಿದ ವಾಸನೆ ಬಂತು.

ಗೌಸ್ ಪೀರ್ ಬೆಂಕಿಯನ್ನು ದೂರಿದರು. ಮರುದಿನ ಇನ್ನೊಂದು ಮನೆಯ ಬುಟ್ಟಿ, ಬೆಂಕಿ ಇನ್ನೂ ಜೋರು. ಅದೂ ಸುಟ್ಟಿತು. ಮೂರನೆಯ ದಿನ ಅವರು ಉಪ್ಪನ್ನು ದೂರಿದರು. "ಸಮುದ್ರದ ಉಪ್ಪು ಜಾಸ್ತಿ ಖಾರ ಅಂತೆ! ಉಪ್ಪು ಖಾರ ಆಗೋದು ಅವತ್ತೇ ಕೇಳಿದ್ದು," ಎನ್ನುತ್ತಾರೆ ಬೀಬಿಜಾನ್. ಗೌಸ್ ಪೀರ್ ಬಾಣಲೆಯ ಕಡೆಯಿಂದಲೇ, "ಮತ್ತೇನು, ಹರಿಹರದ ಉಸುಕಿನ ಮ್ಯಾಲೆ ಹಾಕ್ಲಾ ತಪ್ಪು?" ಎಂದು ಗುಡುಗುತ್ತಾರೆ. ಮೂರನೆಯ ಬುಟ್ಟಿಯೂ ಹಾಳಾಯಿತು. ಉಪ್ಪು ಹಿಡಿದ ಸುಟ್ಟ ಅಕ್ಕಿಯನ್ನು ಬಾತುಕೋಳಿಗಳಿಗೆ ಚೆಲ್ಲಿದರೆ ಅವೂ ಒಮ್ಮೆ ಬಾಯಿ ಹಾಕಿ ಬಿಟ್ಟುಹೋದವು.

ಅಂದು ಮಧ್ಯಾಹ್ನ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಚೀಲ ಹೊತ್ತು ಹೊರಟರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಬೀಬಿಜಾನ್. ಉಳಿದದ್ದು ಎರಡು ಚೀಲ, ರೋಕಿಯಾ ಎಂಬ ಅರವತ್ತು ದಾಟಿದ ವಿಧವೆಯದು. ಮನೆಯಲ್ಲಿ ಒಂಬತ್ತು ಜನ. ಮಳೆಯಲ್ಲಿ ಹೋದದ್ದು ಹೋಗಿ ಕೈಗೆ ದಕ್ಕಿದ ಬೆಳೆ ಅಷ್ಟೇ. ಇನ್ನು ಕೆಲವು ವಾರಕ್ಕೆ ನೆರೆ ಏರಿದರೆ ಫೆಬ್ರವರಿಯವರೆಗೆ ಮತ್ತೊಂದು ಕೊಯ್ಲಿಲ್ಲ. ಆ ಅಕ್ಕಿಗೂ ಆಗಲೇ ಸಣ್ಣಗೆ ಹುಳಿ ವಾಸನೆ ಹತ್ತಿತ್ತು. ಇಟ್ಟರೂ ಕೆಡುತ್ತಿತ್ತು, ಹದ ತಪ್ಪಿದರೂ ಕೆಡುತ್ತಿತ್ತು.

"ನಮಗೆ ಊಟ ಹಾಕ್ತಿದ್ದೋಳು ಅವಳೇ. ಅವತ್ತೂ ಹಾಕಿದ್ಲು. ಈ ಅನ್ನ ಇವಳ ಮನಿಯಾಗೆ ಎಷ್ಟು ದಿನ ಐತೆ ಅಂತ ನನಗೆ ಗೊತ್ತಿತ್ತಲ್ಲ."

ಊಟ ಮುಗಿಸಿ ಕೈ ತೊಳೆದು, ಒರೆಸಿಕೊಳ್ಳಲು ಬೀಬಿಜಾನ್ ಹಗ್ಗದ ಮೇಲಿದ್ದ ಮಗಳ ದುಪಟ್ಟಾ ಎಳೆದರು. ತಣ್ಣಗೆ ಅಂಟಿತು. ಸಿಮ್ರಾನ್‌ಳನ್ನು ಕರೆದು, ಇದನ್ನು ಇವತ್ತು ಒಗೆದೆಯಾ ಎಂದು ಕೇಳಿದರು. "ಇಲ್ಲ ಅಮ್ಮಿ, ಮೊನ್ನೆ. ನೀನು ಎರಡನೇ ಬುಟ್ಟಿಗೆ ಉಪ್ಪು ಹಾಕ್ತಿದ್ದಾಗ," ಎಂದಳು ಮಗಳು.

ಬೀಬಿಜಾನ್ ದುಪಟ್ಟಾ ಹಿಡಿದು ಅಲ್ಲೇ ಕೂತರು. ದಾವಣಗೆರೆಯಲ್ಲಿ ಅಸರ್‌ಗೆ ಒಗೆದ ಬಟ್ಟೆ ರಾತ್ರಿಯ ಇಶಾ ಆಜಾನ್ ಹೊತ್ತಿಗೆ ಮಡಚಿ ಇಡುವಂತಾಗುತ್ತದೆ. ಇಲ್ಲಿ ಎರಡು ದಿನಕ್ಕೂ ಒಣಗಿಲ್ಲ. ಬಟ್ಟೆ ಒಣಗದ ಗಾಳಿಯಲ್ಲಿ ಅಕ್ಕಿ ಹೇಗೆ ಒಣಗೀತು? ಆಜಾನ್‌ನಿಂದ ಆಜಾನ್‌ಗೆ ತಾಸುಗಳು ಅಷ್ಟೇ ಇದ್ದವು, ಗಾಳಿ ಬೇರೆಯಿತ್ತು. ಬೇರೆ ಯಾವುದಾದರೂ ಊರಿಗೆ ಹೋಗಿದ್ದರೆ, ಗಡಿಯಾರವಾಗಿ ಆಜಾನ್ ಇಲ್ಲದ್ದಕ್ಕೇ, ಅವರು ಅಕ್ಕಿಯನ್ನು ಮೊದಲ ದಿನವೇ ಮುಟ್ಟಿ ನೋಡುತ್ತಿದ್ದರೇನೋ. ಊರಿನ ದನಿ ಕೇಳಿದ ನೆಮ್ಮದಿಯಲ್ಲಿ ಕೈಯ ಕೆಲಸವನ್ನು ಕಿವಿಗೆ ಬಿಟ್ಟಿದ್ದರು.

"ಅತ್ತೆ ಒಂದು ಹಿಡಿ ಅಕ್ಕಿ ಮುಷ್ಟಿಯಾಗೆ ಹಿಡಿದು ಕಿವಿ ಹತ್ರ ಅಲ್ಲಾಡ್ಸೋಳು. ಒಣಗಿದ್ರೆ ಜಲ್ ಅಂತೈತೆ. ಆಕೆ ತೀರಿಕೊಂಡ ಮ್ಯಾಲೆ ಯಾರೂ ಅಲ್ಲಾಡ್ಸಿದ್ದಿಲ್ಲ. ಆಜಾನ್ ಆತು ಅಂದ್ರೆ ಅಕ್ಕಿ ಆತು. ತಪ್ಪು ಆಜಾನ್‌ದಲ್ರಿ, ನನ್ನದು. ಅದು ನಮಾಜಿಗೆ ಕರೀತೈತೆ, ಅಕ್ಕಿ ನೋಡ್ಕೊಂತೈತೇನು?"

ಆದರೆ ಕಾರಣ ಗೊತ್ತಾದದ್ದು ಊಹೆ ಮಾತ್ರ. ಅದು ನಿಜವೋ ಅಲ್ಲವೋ ತಿಳಿಯಲು ಇದ್ದ ಅಕ್ಕಿ ರೋಕಿಯಾಳದ್ದೊಂದೇ. ಬೀಬಿಜಾನ್ ಒಂದು ಸೇರು ಮಾತ್ರ ಕೇಳೋಣವೆಂದು ಹೋಗಿ ಒಂದು ಬೆರಳು ತೋರಿಸಿದರು. ರೋಕಿಯಾ ಅದನ್ನು ಒಂದು ಚೀಲ ಎಂದು ತಿಳಿದಳೋ, ತಿಳಿದೂ ಹಾಗೆ ಮಾಡಿದಳೋ, ಇಡೀ ಚೀಲವನ್ನು ಉಪ್ಪುನೀರಿನ ತೊಟ್ಟಿಗೆ ಸುರಿದೇಬಿಟ್ಟಳು. ಒಮ್ಮೆ ಉಪ್ಪು ಹಿಡಿದ ಅಕ್ಕಿ ಹಿಂದಕ್ಕೆ ಬಾರದು. ಎರಡನೆಯ ಚೀಲದ ಬಾಯಿಗೂ ಅವಳ ಕೈ ಹೋಯಿತು.

"ನಾನು ಓಡಿಹೋಗಿ ಚೀಲದ ಮ್ಯಾಲೆ ಕುಂತ್ಬಿಟ್ಟೆ. ಎಬ್ಬಿಸೋಕೆ ಬಂದ್ಲು. ಏಳಲಿಲ್ಲ. ಅವಳು ಚಾಮ್ ಮಾತಾಗೆ ಬೈತಾಳೆ, ನಾನು ಕನ್ನಡದಾಗೆ ಬೈತೀನಿ. ಸಿಮ್ರಾನ್ ನಗ್ತಾಳೆ, ಇವ್ರು ತಲಿ ಮ್ಯಾಲೆ ಕೈ ಹೊತ್ಕೊಂಡು ನಿಂತಾರೆ."

ಆ ರಾತ್ರಿ ಕಳೆದು ಮರುದಿನ ಫಜರ್ ಆಜಾನ್ ಆಯಿತು. ಬೀಬಿಜಾನ್ ನಮಾಜು ಮುಗಿಸಿ ಬಂದು ಅಕ್ಕಿಯ ಮುಷ್ಟಿ ಅಲ್ಲಾಡಿಸಿದರು. ಒದ್ದೆ ಮಣ್ಣಿನಂತೆ ಮೂಕವಾಗಿತ್ತು. ಹೊಟ್ಟಿನ ಕೆಂಡವನ್ನು ಬೂದಿಯಿಂದ ಮುಚ್ಚಿಸಿ, ಅದರ ಮೇಲೆ ಮೊಣಕಾಲೆತ್ತರಕ್ಕೆ ಬಿದಿರು ಕಟ್ಟಿಸಿ, ಚಾಪೆ ಹಾಸಿ ಅಕ್ಕಿ ಹರಡಿದರು. ಹೊರಗೆ ಮಳೆ. ಬಿಸಿ ಹೆಚ್ಚಾದರೆ ಕಾಳು ಬಿರುಕುಬಿಟ್ಟು ನುಚ್ಚಾಗುತ್ತದೆ, ಕಡಿಮೆಯಾದರೆ ಹುಳಿಯುತ್ತದೆ. ಅವರು, ರೋಕಿಯಾ, ಸಿಮ್ರಾನ್ ಮೂವರೂ ಚಾಪೆಯ ಸುತ್ತ ಕೂತು ಬರಿಗೈಯಿಂದ ಮಗುಚುತ್ತಲೇ ಇದ್ದರು. ಬೀಬಿಜಾನ್ ನಡುನಡುವೆ ಚಾಪೆಯ ಅಡಿಗೆ ಅಂಗೈ ಒಡ್ಡಿ ಬಿಸಿ ನೋಡುತ್ತಿದ್ದರು. ತಡೆಯಲಾರದಷ್ಟಾದರೆ ಬೂದಿ, ತಣ್ಣಗಾದರೆ ಕೆಂಡ.

ಮಧ್ಯಾಹ್ನದ ಜುಹರ್ ಆಜಾನ್ ಆಯಿತು. ಮುಷ್ಟಿ ಇನ್ನೂ ಮೂಕ. ಹಿಂದಿನ ದಿನ ಚೀಲ ಹೊತ್ತು ಹೋದ ಹೆಂಗಸರು ಒಬ್ಬೊಬ್ಬರೇ ಬಂದು ಮೆಟ್ಟಿಲ ಮೇಲೆ ನಿಂತರು. ಗೌಸ್ ಪೀರ್ ಮೂರು ಸಲ ಬಾಣಲೆ ಕಾಯಿಸಿ ಮೂರು ಸಲ ಆರಿಸಿದ್ದರು.

"ಬೀಬಿ, ಸಾಕು. ಇನ್ನೂ ಒಣಗಿದ್ರೆ ಕಲ್ಲಾಗ್ತೈತೆ. ಎಷ್ಟು ಆಜಾನ್ ಆತು ಲೆಕ್ಕ ಐತಾ?"

"ನೀವು ನಮಾಜಿಗೆ ಹೋಗಿ ಬರ್ರಿ. ಅಕ್ಕಿ ಯಾವಾಗ ಆಗ್ತೈತೋ ನಾನು ಹೇಳ್ತೀನಿ."

"ಕಲ್ಲಾದ್ರೆ ಆ ಮುದುಕಿ ಮುಖ ಹೆಂಗೆ ನೋಡ್ತೀಯ?"

ಬೀಬಿಜಾನ್ ಮತ್ತೆ ಚಾಪೆಯ ಅಡಿಗೆ ಅಂಗೈ ಒಡ್ಡಿದರು. ಇಪ್ಪತ್ತೆರಡು ವರ್ಷದಲ್ಲಿ ಗಂಡ ಕೇಳಿದಾಗ ಅಕ್ಕಿ ಕೊಡದೆ ಕೂತದ್ದು ಅದೇ ಮೊದಲು. ಅಸರ್ ಕೂಡ ಆಯಿತು. ಆಮೇಲೆ ಸುಮಾರು ಹೊತ್ತಿಗೆ, ಇನ್ನೂ ಬೆಳಕಿರುವಾಗಲೇ, ಅವರ ಮುಷ್ಟಿಯಲ್ಲಿ ಅಕ್ಕಿ ಸಣ್ಣಗೆ ಸದ್ದು ಮಾಡಿತು. ಅವರು ಇನ್ನೊಂದು ಹಿಡಿ ತೆಗೆದು ರೋಕಿಯಾಳ ಕಿವಿಯ ಹತ್ತಿರ ಅಲ್ಲಾಡಿಸಿದರು. ಮುದುಕಿ ಕಣ್ಣು ಕಿರಿದು ಮಾಡಿ ಆಲಿಸಿದಳು.

ಗೌಸ್ ಪೀರ್ ಒಂದೇ ಒಂದು ಹಿಡಿ ಅಕ್ಕಿ ಬಾಣಲೆಗೆ ಹಾಕಿದರು. "ನಾನು ಎಣಿಸ್ತಾ ಇದ್ದೆ," ಎನ್ನುತ್ತಾಳೆ ಸಿಮ್ರಾನ್. "ಆರು ಅನ್ನೋಷ್ಟ್ರಾಗೆ ಬಾಣಲೆಯೊಳಗೆ ಮಳಿ ಬಂದಂಗೆ ಸದ್ದಾತು. ಅಬ್ಬಾ ಸೌಟು ಆಡ್ಸೋದು ಮರೆತು ನಿಂತುಬಿಟ್ರು. ಅಮ್ಮಿನೇ ಕೂಗಿ ಹೇಳಬೇಕಾತು, ತೆಗೀರಿ, ಸುಡ್ತೈತೆ ಅಂತ." ಜರಡಿಯಲ್ಲಿ ಉಸುಕು ಇಳಿದಾಗ ಮೇಲೆ ಉಳಿದದ್ದು ಬೆಳ್ಳಗಿನ, ಮುಟ್ಟಿದರೆ ಹಾರುವ ಮಂಡಕ್ಕಿ. ಆ ಚೀಲ ಅಕ್ಕಿ ಏಳು ದೊಡ್ಡ ಚೀಲವಾಯಿತು. ಎರಡು ದಿನದಲ್ಲಿ ದೋಣಿಯಲ್ಲಿ ಪೇಟೆಗೆ ಹೋಗಿ, ಹಿಂದೆ ಬಂದದ್ದು ಎರಡು ಚೀಲ ಒಳ್ಳೆಯ ಒಣ ಅಕ್ಕಿ. ಬೀಬಿಜಾನ್ ಕೂತು ಕಾದ ಎರಡನೆಯ ಚೀಲ ಅಷ್ಟರೊಳಗೆ ಕೆಂಡದ ಚಾಪೆಯ ಮೇಲಿತ್ತು. ಇಪ್ಪತ್ತೊಂದು ಮನೆಯ ಚೀಲಗಳೂ ಒಂದೊಂದಾಗಿ ಮರಳಿದವು.

ಸಂಸ್ಥೆ ಆಮೇಲೆ ಅಚ್ಚು ಹಾಕಿಸಿದ ಕಿರುಹೊತ್ತಗೆಯಲ್ಲಿ ಆ ಹಳ್ಳಿಯ ಒಂದು ಫೋಟೋ ಇದೆ. ಬಾಣಲೆಯ ಮುಂದೆ ಗೌಸ್ ಪೀರ್ ಎದೆ ಸೆಟೆದು ನಿಂತಿದ್ದಾರೆ. ಕೆಳಗೆ ಅವರ ಹೆಸರು, ಮುಂದೆ 'ಮತ್ತು ಕುಟುಂಬ'. ಎಡ ಅಂಚಿನಲ್ಲಿ ಯಾರದೋ ಬಳೆ ತೊಟ್ಟ ಮುಂಗೈ ಕಾಣುತ್ತದೆ. "ಅದು ನಂದು," ಎಂದು ಬೀಬಿಜಾನ್ ಬೆರಳಿಟ್ಟು ತೋರಿಸುತ್ತಾರೆ. ಬೇಸರವಿಲ್ಲವೇ ಎಂದರೆ, "ಬಳಿ ಚಲೋ ಬಂದಾವಲ್ಲ," ಎಂದು ಪುಸ್ತಕ ಮಡಚುತ್ತಾರೆ. ಓಣಿಯವರು ಈಗ ಅವರನ್ನು 'ಫಾರಿನ್ ಬೀಬಿ' ಎಂದು ಕರೆಯುತ್ತಾರೆ. ಮಳೆಗಾಲದ ಥಂಡಿ ದಿನಗಳಲ್ಲಿ ಅಕ್ಕಪಕ್ಕದ ಭಟ್ಟಿಯ ಹೆಂಗಸರು ಒಂದು ಹಿಡಿ ಅಕ್ಕಿ ತಂದು ಅವರ ಮುಂದೆ ಮುಷ್ಟಿ ಹಿಡಿಯುವುದೂ ಉಂಟು.

ಬಿಸಿಲು ಏರಿದೆ. ಇವತ್ತಿನ ನಾಲ್ಕನೆಯ ಚೀಲ ಮುಗಿಯುತ್ತಿದೆ. ಉಪ್ಪಿನ ಬೋಗುಣಿ ತೊಳೆದಿಟ್ಟು ಬೀಬಿಜಾನ್ ಹೊಸ್ತಿಲಲ್ಲಿ ಕೂಡುತ್ತಾರೆ. ಆ ಚಾಮ್ ಹೆಂಗಸರು ಈಗ ತಾವಾಗಿಯೇ ಮಾಡಿಕೊಳ್ಳಬಲ್ಲರೇ ಎಂಬುದು ಪ್ರಶ್ನೆ. ಬೀಬಿಜಾನ್ ಅಲ್ಲಿಂದ ಹೊರಡುವ ಹಿಂದಿನ ದಿನದ ಮಾತು ತೆಗೆಯುತ್ತಾರೆ. ಅಂದು ರೋಕಿಯಾ ಮೊದಲಿಂದ ಕೊನೆವರೆಗೆ ಒಬ್ಬಳೇ ಅಕ್ಕಿ ಹದ ಮಾಡುತ್ತಿದ್ದಳು.

"ನಾನು ಮುಷ್ಟಿ ಅಲ್ಲಾಡ್ಸಿ, ಆತು ಅಂತ ಬಾಚೋಕೆ ಹೋದೆ. ಅವಳೂ ಒಂದು ಹಿಡಿ ಕಿವಿಗೆ ಹಿಡಿದ್ಲು, ಇಲ್ಲ ಅಂತ ತಲಿ ಆಡ್ಸಿದ್ಲು, ನನ್ನ ಕೈ ಹಿಂಗೆ ತಳ್ಳಿಬಿಟ್ಲು. ಇನ್ನೂ ಅರ್ಧ ಗಂಟೆ ಕಾಯಿಸಿದ್ಲು ರೀ. ಅವಳದ್ದೇ ಸರಿ ಇತ್ತು, ಒಂದು ಕಾಳೂ ಗಟ್ಟಿ ಉಳೀಲಿಲ್ಲ." ಬೀಬಿಜಾನ್ ಬಿರುಕುಬಿಟ್ಟ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾರೆ. "ಆಮ್ಯಾಲೆ ನಾನು ಒಳಗೆ ಹೋಗಿ ಪೆಟ್ಟಿಗಿ ಕಟ್ಟಿದೆ. ಅಲ್ಲಿ ನನಗೆ ಬ್ಯಾರೆ ಕೆಲಸ ಇರಲಿಲ್ಲ."